ದೇವರ ಆಕಳು ಬಾಗಿಲಿಗೆ ಬಂದ ರಾತ್ರಿ

ಬಿತ್ತನೆಗೆಂದು ಶೇಂಗಾ ಸುಲಿಯುತ್ತಾ ಕೂತಿದ್ದೆ. ಇದನ್ನೇ ಮೊದಲು ಹೇಳುವುದಕ್ಕೆ ಕಾರಣವಿದೆ. ಕಟ್ಟಿ ಹೇಳುವ ಕಥೆಯಲ್ಲಿ ಯಾರಿಗೂ ಹೆಬ್ಬೆರಳು ಉರಿಯುವುದಿಲ್ಲ. ಆ ಸಂಜೆ ಕಾಯಿ ಒತ್ತಿ ಒತ್ತಿ ನನ್ನ ಹೆಬ್ಬೆರಳ ತುದಿ ಕೆಂಪಗಾಗಿತ್ತು, ಆ ಉರಿ ಇವತ್ತಿಗೂ ನೆನಪಿದೆ. ಮುಂದೆ ಹೇಳುವುದೂ ಅಷ್ಟೇ ನಿಜ. ನಮ್ಮ ಹಟ್ಟಿಯಲ್ಲಿ ಯಾರನ್ನು ಕೇಳಿದರೂ ಅರ್ಧ ಹೇಳುತ್ತಾರೆ. ಇನ್ನರ್ಧ ನನಗೂ ನಮ್ಮ ಮನೆಯವರಿಗೂ ಮಾತ್ರ ಗೊತ್ತು...

ನಮ್ಮದು ಚಳ್ಳಕೆರೆಯಿಂದ ದೊಡ್ಡಉಳ್ಳಾರ್ತಿ ಕಡೆಗೆ ಹೋಗುವಾಗ ಕಾವಲಿನ, ಅಂದರೆ ಹುಲ್ಲುಗಾವಲಿನ, ಅಂಚಿಗೆ ಸಿಗುವ ಸಣ್ಣ ಹಟ್ಟಿ. ಊರಾಚೆ ಮುಳ್ಳುಬೇಲಿ ಹಾಕಿದ ಒಂದು ರೊಪ್ಪವಿದೆ. ಅದರಲ್ಲಿರುವುದು ದೇವರ ದನ. ಅವಕ್ಕೆ ನೊಗ ಹೂಡುವುದಿಲ್ಲ, ಅವನ್ನು ಮಾರುವುದಿಲ್ಲ, ಬಾರುಕೋಲು ಎತ್ತುವುದಿಲ್ಲ. ರೊಪ್ಪದೊಳಗೆ ಚಪ್ಪಲಿ ಮೆಟ್ಟಿ ಕಾಲಿಡುವಂತಿಲ್ಲ. ಸತ್ತರೆ ಮನುಷ್ಯರಿಗೆ ಮಾಡಿದ ಹಾಗೆಯೇ ಹೂವು ಹಾಕಿ ಮಣ್ಣು ಮಾಡುತ್ತೇವೆ.

ಅವನ್ನು ಕಾಯುತ್ತಿದ್ದ ಕಿಲಾರಿಯ ಹೆಸರು ಪಾಲಜ್ಜ. ನನ್ನ ತವರೂರಿನವನೇ, ರಾಂಪುರದ ಹತ್ತಿರದ ಊರು. ಹೆಂಡತಿ ಮಕ್ಕಳಿಲ್ಲ. ಅರ್ಧ ಕನ್ನಡ ಅರ್ಧ ತೆಲುಗು ಮಾತಾಡುತ್ತಾ ಆ ದನಗಳ ನಡುವೆಯೇ ಮುದುಕನಾದವನು. ನನ್ನನ್ನು ಕಂಡಾಗಲೆಲ್ಲ, ನಮ್ಮೂರ ಹುಡುಗಿ ಬಂದಳು ಎಂದು, "ಮಾ ಊರಿ ಪಿಲ್ಲ" ಅನ್ನುತ್ತಾ ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದ.

ಅಂಗಳ ಸಾರಿಸಿ ಮುಗಿಸಿ ಶೇಂಗಾ ಹಿಡಿದು ಕೂತವಳಿಗೆ ಸುದ್ದಿ ತಂದವಳು ಪಕ್ಕದ ಮನೆಯ ಗೌರಮ್ಮ.

"ಮಾರಕ್ಕಾ, ನಿಮ್ಮನೆಯೋರು ರೊಪ್ಪದಾಗೆ ಅದಾರೆ ಕಣೆ. ಮುತ್ತವ್ವನ ಗಂಟಲಾಗೆ ಏನೋ ಸಿಕ್ಕೈತಂತೆ. ಮೊಣಕೈ ಮಟ ಕೈ ಹಾಕಿ ತಡಕ್ತಾ ಅದಾರೆ."

ಮುತ್ತವ್ವ ಅಂದರೆ ಆ ಹಿಂಡಿನ ಹಿರಿಯ ಆಕಳು. ಹಟ್ಟಿಯಲ್ಲಿ ಯಾವ ದನದ ಗಂಟಲಿಗೆ ಈರುಳ್ಳಿ ಸಿಕ್ಕಲಿ, ಜೋಳದ ದಂಟು ಸಿಕ್ಕಲಿ, ಕರೆಯುವುದು ನಮ್ಮ ಮನೆಯವರನ್ನೇ. ಅವರ ಕೈ ತೆಳ್ಳಗಿದೆ, ಉದ್ದವಿದೆ.

"ಏನ್ ಸಿಕ್ತು?" ಎಂದೆ.

"ಏನೂ ಇಲ್ಲಂತೆ. ಜೊಲ್ಲು ಮಾತ್ರ ಹಗ್ಗ ಹಗ್ಗದಂಗೆ ಸುರೀತೈತೆ. ನೀರಿಟ್ರೆ ಮೂತಿ ತಿರುವ್ತಾಳೆ. ಕೂಗೋದೂ ಒಂಥರಾ ಐತೆ. ಅವಳ ಮೈಮೇಲೆ ದೇವರು ಬಂದೈತೆ ಅಂತಾನೆ ಪಾಲಜ್ಜ."

ನನ್ನ ಕೈ ನಿಂತಿತು.

ಹಿಂದಿನ ತಿಂಗಳು ಕಾವಲಿನಿಂದ ಒಂದು ತೋಳ ಹಾಡಹಗಲಲ್ಲಿ ರೊಪ್ಪಕ್ಕೆ ನುಗ್ಗಿ ಮುತ್ತವ್ವನ ಮೂತಿಗೆ ಬಾಯಿ ಹಾಕಿತ್ತು. ಜನ ಕೂಗಿದರೂ ಅದು ಹೆದರಲಿಲ್ಲವಂತೆ, ತೂರಾಡಿಕೊಂಡು ಹೋಯಿತಂತೆ. ದೇವರೇ ಅದನ್ನು ಓಡಿಸಿತು ಎಂದು ಎಲ್ಲರೂ ಕಾಯಿ ಒಡೆದರು. ನಾನೂ ಒಡೆದೆ. ಆದರೆ ಹಗಲಲ್ಲಿ ಮನುಷ್ಯರ ನಡುವೆ ತೂರಾಡುವ ತೋಳದ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿತ್ತು.

ನಾನು ಚಿಕ್ಕವಳಿದ್ದಾಗ ನಮ್ಮ ಸೋದರಮಾವನ ಎಮ್ಮೆ ಹೀಗೆಯೇ ಜೊಲ್ಲು ಸುರಿಸುತ್ತಾ ಒಡಕು ದನಿಯಲ್ಲಿ ಕೂಗುತ್ತಿತ್ತು. ಬೆದೆಗೆ ಬಂದಿದೆ ಅಂದುಕೊಂಡರು. ದನದ ಡಾಕ್ಟರು ಬಂದು ದೂರದಿಂದಲೇ ನೋಡಿ, ಹುಚ್ಚುನಾಯಿ ಕಚ್ಚಿದೆ, ಯಾರೂ ಹತ್ತಿರ ಹೋಗಬೇಡಿ, ಬಾಯಿ ಮುಟ್ಟಿದವರೆಲ್ಲ ಸೂಜಿ ಹಾಕಿಸಿಕೊಳ್ಳಿ ಎಂದಿದ್ದರು. ಆ ರೋಗ ನರದೊಳಗೆ ಇಳಿದು ಮಿದುಳಿಗೆ ಹತ್ತಿದ ಮೇಲೆ ಔಷಧಿ ಇಲ್ಲ ಎಂದಿದ್ದರು. ಎಮ್ಮೆ ಸತ್ತಿತು. ಆ ದನಿ ಮಾತ್ರ ನನ್ನ ಕಿವಿಯಲ್ಲಿ ಉಳಿಯಿತು.

ನಮ್ಮ ಮನೆಯವರು ಹೊತ್ತು ಮುಳುಗುವಾಗ ಬಂದರು. ಬಲಗೈ ಮೊಣಕೈವರೆಗೆ ಬೂದಿ.

"ಹಲ್ಲು ತರಚೈತೆ, ಅಷ್ಟೇ. ಏನೂ ಸಿಗ್ಲಿಲ್ಲ," ಎಂದರು.

"ತೊಳ್ಕೊಂಡ್ರಾ?"

"ಪಾಲಜ್ಜ ರೊಪ್ಪದ ಬೂದಿ ಹಚ್ಚಿದ್ನಲ್ಲ. ಬೆಳಗಾಗೋ ತಂಕ ನೀರು ಸೋಕಿಸಬಾರದು ಅಂತ ನಿನಗೆ ಗೊತ್ತಿಲ್ವೇನೆ?"

ಗೊತ್ತಿತ್ತು. ರೊಪ್ಪದ ಸಗಣಿಯ ಬೂದಿ ನಮಗೆ ವಿಭೂತಿಗಿಂತ ಹೆಚ್ಚು. ಮಗುವಿಗೆ ದೃಷ್ಟಿಯಾದರೂ ಅದೇ, ಚೇಳು ಕುಟುಕಿದರೂ ಅದೇ. ಹಚ್ಚಿದ ಮೇಲೆ ಒಂದು ರಾತ್ರಿ ತೊಳೆಯುವುದಿಲ್ಲ. ನಾನೂ ಹಾಗೆಯೇ ಬೆಳೆದವಳು. ಆದರೂ ಬಕೆಟ್ಟಿಗೆ ನೀರು ತುಂಬಿ ಸೋಪು ತಂದೆ.

"ಕೈ ಕೊಡ್ರಿ. ಆಮೇಲೆ ಚಳ್ಳಕೆರೆಗೆ ಹೋಗಿ ಸೂಜಿ ಹಾಕಿಸ್ಕೊಂಡು ಬರಣ. ಅದು ಹುಚ್ಚು."

ಅತ್ತೆ ಒಳಗಿಂದ ಬಂದರು. ಆಕೆಯ ಕೈಯಲ್ಲಿ ಕುಂಕುಮದ ತಟ್ಟೆ.

"ಏನಂದೆ? ಇನ್ನೊಂದ್ ಸಲ ಅನ್ನು."

"ಹುಚ್ಚು ಅಂದೆ ಅತ್ತೆಮ್ಮ. ತೋಳ ಕಚ್ಚಿದ್ದು ನೀವೇ ನೋಡೀರಿ."

"ದೇವರ ಆಕಳಿಗೆ ಹುಚ್ಚು ಅಂತೀಯಾ, ರಾಂಪುರದೋಳೆ? ನಿನ್ನ ನಾಲಿಗೆ ಸೇದೋಗಲಿ." ಅತ್ತೆ ಕಾಲಿನಿಂದ ಬಕೆಟ್ಟು ನೂಕಿದರು. ನೀರು ಪೂರಾ ಚೆಲ್ಲಿತು. "ನನ್ನ ಮಗ ಸೂಜಿಗೆ ಹೋದ ಅಂತ ಹಟ್ಟಿಗೆ ಗೊತ್ತಾದ್ರೆ ನಾವು ರೊಪ್ಪಕ್ಕೆ ಕಾಲಿಡಂಗೈತಾ? ನಾಳೆ ಸಾಯೋರ ಬಾಯಿಗೆ ನೀರು ಬಿಡೋರೂ ಇರಲ್ಲ ನಮಗೆ."

ನಮ್ಮ ಮನೆಯವರು ನನ್ನ ಮುಖ ನೋಡಲಿಲ್ಲ. "ನಾನು ಸೂಜಿ ಹಾಕಿಸ್ಕೊಂಡ್ರೆ, ಅವಳಿಗೆ ಹುಚ್ಚು ಅಂತ ನಾನೇ ಸಾರಿದಂಗೆ. ಬಿಡು. ನೋಡಣ," ಎಂದರು.

ಅತ್ತೆ ತಟ್ಟೆ ಎತ್ತಿಕೊಂಡು ಹೊರಟರು. ಹಟ್ಟಿಯೆಲ್ಲ ಆ ಹೊತ್ತಿಗೆ ರೊಪ್ಪದ ಕಡೆ ನಡೆದಿತ್ತು. ಮುತ್ತವ್ವನ ಮುಂದೆ ರಾತ್ರಿಯಿಡೀ ಭಜನೆ ಎಂದು ಗೌರಮ್ಮ ಕೂಗಿ ಹೇಳಿ ಹೋದಳು. ನಮ್ಮ ಮನೆಯವರಿಗೆ ಮೈಕೈ ನೋವು, ಆಮೇಲೆ ಬರುತ್ತೇನೆ ಎಂದರು. ಹೀಗೆ ಇಡೀ ಬೀದಿಯಲ್ಲಿ ಉಳಿದವರು ನಾವಿಬ್ಬರೇ.

ಮನೆದೇವರಿಗೆ ದೀಪ ಹಚ್ಚಿದೆ. ಅದೇ ಹೊತ್ತಿಗೆ ಕರೆಂಟು ಹೋಯಿತು.

ದೀಪ ಹಚ್ಚಿದ ಮೇಲೆ ಹೋಯಿತಲ್ಲ, ಅದೊಂದು ಪುಣ್ಯ.

ಮೊದಲು ಕೂಗು ಕೇಳಿದ್ದು ದೂರದಿಂದ, ರೊಪ್ಪದ ದಿಕ್ಕಿನಿಂದ. ಭಜನೆಯ ತಾಳದ ಸದ್ದಿನ ಮೇಲೆ ತೇಲಿ ಬಂದ ಹಾಗೆ. ಆಮೇಲೆ ತಾಳ ಕೇಳಿಸಲಿಲ್ಲ. ಕೂಗು ಮಾತ್ರ... ಸ್ವಲ್ಪ ಹತ್ತಿರ. ಜಾಲಿ ಸಾಲಿನ ಕಡೆ. ಆಮೇಲೆ ನಮ್ಮ ಓಣಿಯ ತಿರುವಿನಲ್ಲಿ.

ಹಟ್ಟಿಯ ನಾಯಿಗಳು ಇಲಿ ಓಡಿದರೂ ಬೊಗಳುತ್ತವೆ. ಅವತ್ತು ಒಂದೂ ಬಾಯಿ ಬಿಡಲಿಲ್ಲ.

"ಮುತ್ತವ್ವ ರೊಪ್ಪ ದಾಟಿ ಬಂದಂಗೈತೆ," ಎಂದರು ನಮ್ಮ ಮನೆಯವರು, ಎದ್ದು ಕೂತು.

"ಕದ ಹಾಕೈತೆ. ಸುಮ್ಕಿರ್ರಿ."

ಅಂಗಳದಲ್ಲಿ ಏನೋ ಬಂದು ನಿಂತಿತು. ಹೆಜ್ಜೆಯ ಸದ್ದು ಕೇಳಿಸಲಿಲ್ಲ. ನಿಂತದ್ದು ಮಾತ್ರ ಗೊತ್ತಾಯಿತು. ಕತ್ತಲಲ್ಲಿ ದೊಡ್ಡದೊಂದು ಮೈ ಎದುರು ನಿಂತರೆ ಗಾಳಿ ತಡೆದ ಹಾಗೆ ಆಗುತ್ತದಲ್ಲ... ಹಾಗೆ. ಕದದ ಸಂದಿನಿಂದ ವಾಸನೆ ಒಳಗೆ ಬಂತು. ಹಳಸಿದ ಗಂಜಿಯಂಥ ಹುಳಿ ವಾಸನೆ. ಅದರ ಜೊತೆಗೆ ರೊಪ್ಪದ ಬೂದಿಯ ವಾಸನೆ.

ಆಮೇಲೆ ಕದಕ್ಕೆ ಬಿತ್ತು ಒಂದು ಪೆಟ್ಟು.

ದೀಪ ನಡುಗಿತು. ಹಳೆಯ ಬೇವಿನ ಕದ, ಒಳಗೆ ಅಡ್ಡ ಅಗುಳಿ. ಎರಡನೇ ಪೆಟ್ಟಿಗೆ ಅಗುಳಿ ಬಾಗಿತು. ಮೇಲಿಂದ ಮಣ್ಣು ಉದುರಿ ನನ್ನ ತಲೆಯ ಮೇಲೆ ಬಿತ್ತು. ಆಮೇಲೆ ಪೆಟ್ಟು ನಿಂತಿತು. ಕೆರೆಯುವ ಸದ್ದು ಶುರುವಾಯಿತು, ಕದದ ಕೆಳಗಡೆ, ಹೊಸ್ತಿಲ ಹತ್ತಿರ. ಕೆರೆದು, ನಿಲ್ಲಿಸಿ, ಮತ್ತೆ ಕೆರೆದು...

ನಮ್ಮ ಮನೆಯವರು ಎದ್ದರು. "ತಾಯಿ ಬಾಗಿಲಿಗೆ ಬಂದಾಳೆ. ಕೈ ಮುಗಿದು ಕಳಿಸ್ತೀನಿ. ಪಕ್ಕಕ್ಕೆ ಸರಿ, ತೆಗೀತೀನಿ."

ನಾನು ಅಗುಳಿಗೆ ಬೆನ್ನು ಕೊಟ್ಟು ನಿಂತೆ. "ನನ್ನ ಮೇಲೆ ಕಾಲಿಟ್ಟು ತೆಗೀರಿ."

"ಲೇ, ದೇವರ ಎದುರು ಕದ ಹಾಕ್ಕೊಂಡ್ರೆ ಮನೆ ಉಳೀತೈತಾ?"

"ನೀವು ಉಳಿದ್ರೆ ಮನೆ ಉಳೀತೈತೆ. ಕೂತ್ಕಳ್ರಿ."

ಮದುವೆಯಾದ ಇಷ್ಟು ವರ್ಷದಲ್ಲಿ ನಾನು ಅವರಿಗೆ ಹಾಗೆ ಅಂದದ್ದು ಅದೊಂದೇ ಸಲ.

ಬೆನ್ನ ಹಿಂದೆ, ಮರದ ಆಚೆ ಬದಿಗೆ, ಅದು ಕೂಗಿತು. ಅಷ್ಟು ಹತ್ತಿರದಿಂದ. ಕದ ನಡುಗಿದ್ದು ನನ್ನ ಬೆನ್ನುಮೂಳೆಗೆ ತಾಕಿತು. ಆ ಕೂಗನ್ನು ಬರೆದು ತೋರಿಸಲಾರೆ. ಗೊಗ್ಗರು ದನಿ ಮೇಲೆ ಮೇಲೆ ಹೋಗಿ ಫಕ್ಕನೆ ಒಡೆಯುತ್ತಿತ್ತು. ಒಡೆದ ಮೇಲೆ ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಗುಟುಕು... ಏನೂ ಇಲ್ಲದ್ದನ್ನು ನುಂಗಲು ಹೋಗಿ, ನುಂಗಲಾಗದೆ ಗಂಟಲು ಸಿಕ್ಕಿಕೊಂಡ ಸದ್ದು. ಮತ್ತೆ ಕೆರೆತ.

ಸೋದರಮಾವನ ಎಮ್ಮೆಯ ದನಿ ಇದಲ್ಲ. ಅದು ಎಷ್ಟಾದರೂ ಎಮ್ಮೆಯದು.

ನನಗೆ ದೇವರ ಭಯ ಇದೆ. ಪ್ರತಿದಿನ ಎದ್ದ ಕೂಡಲೇ ಕೈ ಮುಗಿಯುವವಳು ನಾನು. ಆದರೂ ಬಾಯಿಂದ ಬಂದದ್ದು ಪ್ರಾರ್ಥನೆಯಲ್ಲ. ತಿರುಗಿ ಕದಕ್ಕೆ ತುಟಿ ಹಚ್ಚಿ, ಪಿಸುದನಿಯಲ್ಲಿ ಹೇಳಿದೆ.

"ಯಾರಾದ್ರೂ ಆಗಿರು. ಈ ಮನ್ಯಾಗೆ ನಿನಗೇನೂ ಇಲ್ಲ. ಹೋಗು."

ಕೆರೆತ ನಿಂತಿತು.

ಕೆಳಗೆ ನೋಡಿದೆ. ಹೊಸ್ತಿಲ ಅಡಿಯಿಂದ ಒಂದು ಎಳೆ ಜೊಲ್ಲು ಒಳಗೆ ಹರಿದು ಬರುತ್ತಿತ್ತು. ದೀಪದ ಬೆಳಕಿಗೆ ಹೊಳೆಯುತ್ತಾ, ನಿಧಾನವಾಗಿ, ನಾನು ಹಚ್ಚಿದ್ದ ಅರಿಶಿನದ ಮೇಲೆ... ಹಾವು ಕಂಡವಳ ಹಾಗೆ ಕಾಲು ಎತ್ತಿಕೊಂಡೆ.

ನಮ್ಮ ಮನೆಯವರು ಗೋಡೆಗೆ ಒರಗಿ ನಿಂತಿದ್ದರು. ಹಿಂಡಿನ ಒಂದೊಂದು ದನದ ದನಿಯನ್ನೂ ಕಣ್ಣು ಮುಚ್ಚಿ ಗುರುತಿಸುವವರು ಅವರು.

"ಮಾರಿ," ಎಂದು ನನ್ನನ್ನು ಕರೆದರು, ಉಸಿರಿನಲ್ಲಿ. "ಅದು ಮುತ್ತವ್ವನ ದನಿ ಅಲ್ಲ."

"ಮತ್ಯಾವುದು?"

"ದನದ್ದೇ ಅಲ್ಲ."

ಅದಾದ ಮೇಲೆ ಅವರು ತಮ್ಮ ಬಲಗೈ ನೋಡಿಕೊಂಡರು. ಬಹಳ ಹೊತ್ತು ನೋಡಿದರು. "ಹಿತ್ತಲ ಕಡೆಯಿಂದ ಹೋಗಣ. ಗಾಡಿ ಅಲ್ಲೇ ಐತೆ," ಎಂದರು.

ಬೈಕು ಆ ದಿನ ಹಿತ್ತಲಲ್ಲಿತ್ತು, ಅದೊಂದು ಪುಣ್ಯ. ಪೆಟ್ರೋಲು ಇತ್ತು, ಅದು ಇನ್ನೊಂದು. ಹೊರಡುವ ಮುನ್ನ ಹಿತ್ತಲ ತೊಟ್ಟಿಯ ಬಳಿ ಅವರೇ ಕೈ ಚಾಚಿದರು. ನಾನು ಬೂದಿ ಹೋಗುವ ತನಕ ಸೋಪು ಹಚ್ಚಿ ಹಚ್ಚಿ ನೀರು ಹೊಯ್ದೆ. ಬೂದಿಯ ಕೆಳಗೆ ಮೂರು ಕಡೆ ತರಚಿ ಹಸಿಮಾಂಸ ಕಾಣುತ್ತಿತ್ತು. ಮುಂದಿನ ಬಾಗಿಲಲ್ಲಿ ಆಗ ಸದ್ದಿರಲಿಲ್ಲ. ಸದ್ದಿಲ್ಲದಿರುವುದೇ ಹೆಚ್ಚು ಹೆದರಿಸಿತು.

ಕಾವಲಿನ ರಸ್ತೆ ನೀವು ನೋಡಿದ್ದರೆ ಗೊತ್ತು. ಒಂದು ಬದಿ ಬರೀ ಹುಲ್ಲು, ಇನ್ನೊಂದು ಬದಿಗೆ ಈಚೆಗೆ ಎದ್ದ ದೊಡ್ಡ ದೊಡ್ಡ ಸಂಸ್ಥೆಗಳ ಕಾಂಪೌಂಡ್ ಗೋಡೆ, ಮುಗಿಯುವುದೇ ಇಲ್ಲ. ಗೋಡೆಯುದ್ದಕ್ಕೂ ದೀಪ. ಆ ಬೆಳಕಿನಲ್ಲಿ ನಮ್ಮ ನೆರಳು ಗೋಡೆಯ ಮೇಲೆ ಉದ್ದವಾಗಿ ನಮ್ಮ ಜೊತೆಗೇ ಓಡುತ್ತಿತ್ತು. ನಾನು ಅವರ ಬೆನ್ನಿಗೆ ಮುಖ ಒತ್ತಿಕೊಂಡು ಕೂತಿದ್ದೆ. ಹುಲ್ಲಿನ ಕಡೆ ನೋಡಲಿಲ್ಲ. ಆದರೆ ಕಿವಿ ಮುಚ್ಚಿಕೊಳ್ಳಲು ಕೈ ಬಿಡುವಿರಲಿಲ್ಲ... ಆ ಗುಟುಕಿನ ಸದ್ದು ಬಹಳ ದೂರದ ತನಕ ಹುಲ್ಲಿನಲ್ಲಿ ಬಂತು. ಇಂಜಿನ್ ಸದ್ದಿರಬಹುದು. ಹಾಗಂತ ನಮ್ಮ ಮನೆಯವರು ಹೇಳುತ್ತಾರೆ.

ಆಸ್ಪತ್ರೆಯಲ್ಲಿ ಒಬ್ಬ ನರ್ಸಮ್ಮ ಎಚ್ಚರವಿದ್ದಳು. ನಾವು ಹೇಳಿದ್ದು ಕೇಳಿ ಬೈಯಲಿಲ್ಲ, ನಗಲಿಲ್ಲ. ನಲ್ಲಿಯ ಕೆಳಗೆ ಅವರ ಕೈ ಹಿಡಿಸಿ ಮತ್ತೆ ಸೋಪಿನಿಂದ ತೊಳೆಸಿದಳು. ಡಾಕ್ಟರು ಬಂದು ಗಾಯದ ಸುತ್ತ ಸೂಜಿ ಚುಚ್ಚಿದರು, ತೋಳಿಗೂ ಹಾಕಿದರು.

"ಇವತ್ತೇ ಬಂದ್ರಲ್ಲ, ಒಳ್ಳೇದಾಯ್ತು," ಎಂದಳು ನರ್ಸಮ್ಮ. "ಬರೆದ ದಿನಕ್ಕೆಲ್ಲ ಬರಬೇಕು, ಒಂದೂ ತಪ್ಪಿಸಬಾರದು. ಬಾಯಿ ಮುಟ್ಟಿದೋರು ಯಾರ್ಯಾರು ಅವ್ರೆ, ಎಲ್ಲರನ್ನೂ ಕರ್ಕೊಂಡು ಬನ್ನಿ. ಈ ಕಾಯಿಲೆ ಶುರುವಾದ ಮೇಲೆ ನಮ್ಮ ಕೈಲಿ ಏನೂ ಇಲ್ಲ ಕಣಮ್ಮ."

ಬೆಳಕು ಹರಿಯುವ ಹೊತ್ತಿಗೆ ಹಟ್ಟಿಗೆ ಬಂದೆವು. ಅತ್ತೆ ನಮ್ಮ ಬಾಗಿಲ ಮುಂದೆ ಕೂತಿದ್ದರು. ಅತ್ತು ಕಣ್ಣು ಊದಿತ್ತು.

"ಎಲ್ಲಿಗ್ ಹೋಗಿದ್ರಿ? ಮುತ್ತವ್ವ ಹೋಗಿಬಿಟ್ಳಲ್ಲೋ."

"ಯಾವಾಗ?" ಎಂದರು ನಮ್ಮ ಮನೆಯವರು.

"ನಿನ್ನೆ ದೀಪ ಹಚ್ಚೋ ಹೊತ್ನಾಗೇ. ನಾನು ಕುಂಕುಮ ಇಡೋಕೆ ಮುಂಚೇನೇ. ಪಾಲಜ್ಜನ ತೊಡೆ ಮೇಲೆ ತಲೆ ಇಟ್ಟು ಹೋದ್ಳು. ರಾತ್ರಿಯೆಲ್ಲ ಅವನು ಅಲ್ಲಾಡ್ಲಿಲ್ಲ, ಆ ತಲೆ ಇಳಿಸ್ಲಿಲ್ಲ. ನಾವೆಲ್ಲ ಸುತ್ತ ಕೂತು ಭಜನೆ ಮಾಡಿದ್ವಿ."

ನಮ್ಮ ಮನೆಯವರು ಬೈಕಿನ ಮೇಲಿಂದ ಇಳಿಯಲೇ ಇಲ್ಲ.

"ಬೇರೆ ದನ ಯಾವುದಾದ್ರೂ ಆಚೆ ಬಂದಿತ್ತಾ ಅತ್ತೆಮ್ಮ?" ಎಂದೆ.

"ಬೇಲಿ ಕಟ್ಟಿತ್ತು. ಎಲ್ಲಾ ಒಳಗೇ ಇದ್ವು."

ಅಂಗಳ ನೋಡಿದೆ. ಹಸಿ ಸಾರಣೆಯ ಮೇಲೆ ಬೆಕ್ಕು ನಡೆದರೂ ಗುರುತು ಉಳಿಯುತ್ತದೆ. ಸಂಜೆ ಹೋದ ಬಂದ ನಮ್ಮ ಹೆಜ್ಜೆಗಳಿದ್ದವು, ಬೆಳಿಗ್ಗೆ ಬಂದ ಅತ್ತೆಯ ಹೆಜ್ಜೆಗಳಿದ್ದವು. ಗೊರಸಿನ ಗುರುತು ಒಂದೂ ಇರಲಿಲ್ಲ. ಆದರೆ ಕದದ ಕೆಳಗಡೆ ಮರ ಕಿತ್ತು ಬಂದು ಬಿಳಿಯ ಗೀರು ಎದ್ದಿದ್ದವು. ಹೊಸ್ತಿಲ ಮೇಲೆ ಜೊಲ್ಲು ಇನ್ನೂ ಅರ್ಧ ಹಸಿಯಿತ್ತು.

ಅತ್ತೆ ಅದನ್ನು ತೋರಿಸಿ ಕೈ ಮುಗಿದರು. "ಹೋಗೋ ಮುಂಚೆ ನಮ್ಮ ಹೊಸ್ತಿಲು ಮುಟ್ಟಿ ಹೋಗ್ಯಾಳೆ ನೋಡೇ. ಎಂಥಾ ಭಾಗ್ಯ. ನಾನು ಬಂದೋಳೇ ಮುಟ್ಟಿ ಕಣ್ಣಿಗೆ ಒತ್ಕೊಂಡೆ."

ನಾನು ಆಕೆಯ ರಟ್ಟೆ ಹಿಡಿದು ಎಬ್ಬಿಸಿದೆ. "ನಡೀರಿ."

"ಎಲ್ಲಿಗೆ?"

"ಆಸ್ಪತ್ರೆಗೆ. ಕಣ್ಣಿಗೆ ಒತ್ಕೊಂಡೀರಲ್ಲ."

"ದೇವರು ಬಂದು ಹೋದ ಮೇಲೆ ನನಗ್ಯಾಕೆ ಸೂಜಿ?"

"ದೇವರಿಗೆ ಬೇಡ. ನಿಮಗೆ ಬೇಕು. ಮೊದ್ಲು ಮುಖ ತೊಳೀರಿ."

ಆಕೆ ಮಗನ ಕಡೆ ನೋಡಿದರು. ಅವರು ಬೈಕನ್ನು ತಿರುಗಿಸುತ್ತಿದ್ದರು. "ಹತ್ತವ್ವ," ಎಂದರು, ಅಷ್ಟೇ. ಅತ್ತೆ ಹತ್ತಿದರು. ದಾರಿಯುದ್ದಕ್ಕೂ ನನಗೆ ಬೈದುಕೊಂಡು ಹೋದರಂತೆ. ಬೈಯಲಿ, ಉಳಿದರಲ್ಲ. ಅದೂ ಒಂದು ಪುಣ್ಯ.

ಮಧ್ಯಾಹ್ನ ದನದ ಡಾಕ್ಟರು ಬಂದರು. ಮಿದುಳು ತೆಗೆದು ಪರೀಕ್ಷೆಗೆ ಕಳಿಸಿದರೆ ಮಾತ್ರ ಖಚಿತವಾಗಿ ಹೇಳಬಹುದು ಎಂದರು. ದೇವರ ಆಕಳ ತಲೆಗೆ ಕತ್ತಿ ಇಡುವ ಮಾತು ಕೇಳಿ ಜನ ಕಲ್ಲು ಎತ್ತಿಕೊಂಡರು. ಡಾಕ್ಟರು ಗಾಡಿಯೊಳಗೆ ಕೂತುಕೊಂಡೇ, ಮುಟ್ಟಿದವರೆಲ್ಲ ಸೂಜಿ ಹಾಕಿಸಿಕೊಳ್ಳಿ ಎಂದು ಕೂಗಿ ಹೇಳಿ ಹೋದರು. ಮುತ್ತವ್ವನನ್ನು ಹೂವಿನೊಳಗೆ ಮುಚ್ಚಿ ಮಣ್ಣು ಮಾಡಿದೆವು. ಹೀಗಾಗಿ ಅವಳಿಗೆ ಏನಾಗಿತ್ತು ಎಂದು ಕಾಗದದ ಮೇಲೆ ಯಾರೂ ಬರೆಯಲಿಲ್ಲ.

ನಮ್ಮ ಮನೆಯವರು ಹೋದದ್ದು ಕಂಡು ನಾಲ್ಕಾರು ಮಂದಿ ತಲೆ ತಗ್ಗಿಸಿಕೊಂಡು ಆಟೋ ಹತ್ತಿದರು. ಉಳಿದವರು ನಮ್ಮ ಮನೆಯ ಮುಂದೆ ಹೋಗುವಾಗ ಉಗುಳಿದರು. ಗೌರಮ್ಮ ನನ್ನ ಜೊತೆ ಮಾತು ಬಿಟ್ಟಳು. ಅದೆಲ್ಲ ತಡೆದುಕೊಂಡೆ.

ಬರದೆ ಉಳಿದವನು ಪಾಲಜ್ಜ. ಎಲ್ಲರಿಗಿಂತ ಹೆಚ್ಚು ಮುಟ್ಟಿದವನು ಅವನೇ. ಬೆರಳೆಲ್ಲ ಸೀಳು ಬಿಟ್ಟ ಕೈ, ಅದೇ ಕೈಯಿಂದ ಅವಳ ಬಾಯಿಗೆ ಹುಲ್ಲು ಇಟ್ಟವನು. ನಮ್ಮ ಮನೆಯವರು ಬರಿಗಾಲಲ್ಲಿ ರೊಪ್ಪಕ್ಕೆ ಹೋಗಿ ಕೈ ಮುಗಿದರು. ನಾನು ಬೇಲಿಯ ಆಚೆ ನಿಂತಿದ್ದೆ.

"ನಾ ತಲ್ಲಿ ಅವಳು, ನನ್ನ ತಾಯಿ. ತಾಯಿ ಜೊಲ್ಲು ಮಗನಿಗೆ ವಿಷ ಆಗ್ತೈತೇನ್ರಾ?" ಎಂದು ನಕ್ಕ. "ಸೂಜಿ ಚುಚ್ಚಿಸ್ಕೊಂಡು ನಾಳೆ ಅವಳ ಗುಡ್ಡೆ ಮುಂದೆ ಯಾವ ಮುಖ ಹೊತ್ಕೊಂಡು ನಿಂತ್ಕಳ್ಲಿ?"

ಇನ್ನೊಂದು ಸಲ ಹೋದಾಗ ಕೋಲು ಎತ್ತಿದ. ದನಕ್ಕೆ ಎತ್ತದ ಕೋಲು.

ಬಿತ್ತನೆ ಆಯಿತು, ಕಳೆ ತೆಗೆದದ್ದೂ ಆಯಿತು. ನಮ್ಮ ಮನೆಯವರ ಸೂಜಿಗಳು ಮುಗಿದವು, ಅತ್ತೆಯದೂ ಮುಗಿದವು. ಹಿರಿಯರ ಹಬ್ಬಕ್ಕೆ ನಾನು ತವರಿಗೆ ಹೋದೆ. ಪಾಲಜ್ಜನೂ ಮೈಯಲ್ಲಿ ಸರಿಯಿಲ್ಲ ಎಂದು ರೊಪ್ಪ ಬಿಟ್ಟು, ಅಲ್ಲೇ ಹಿಂದಿನ ಓಣಿಯ ತಮ್ಮನ ಮನೆ ಸೇರಿದ್ದಾನೆ ಎಂದು ಅವ್ವ ಹೇಳಿದಳು. ಒಂದು ಚಿಪ್ಪು ಬಾಳೆಹಣ್ಣು ಹಿಡಿದು ನೋಡಲು ಹೋದೆ. ನಡುಮಧ್ಯಾಹ್ನ. ಬಿಸಿಲು ಕಣ್ಣು ಕುಕ್ಕುತ್ತಿತ್ತು.

ಅವನ ತಮ್ಮನ ಹೆಂಡತಿ ಸಣ್ಣಕ್ಕ ಪಡಸಾಲೆಯಲ್ಲಿ ಕೂತಿದ್ದಳು. ಮುಂದಿನ ಕೋಣೆಯ ಕದಕ್ಕೆ ಹೊರಗಿನಿಂದ ಚಿಲಕ ಹಾಕಿತ್ತು.

"ನೀರಿನ ಚೊಂಬು ಕಂಡ್ರೆ ಗೋಡೆ ಹತ್ತೋಕೆ ಹೋಗ್ತಾನೆ ಕಣೆ," ಎಂದಳು. ದನಿಯಲ್ಲಿ ಅಳುವೂ ಉಳಿದಿರಲಿಲ್ಲ. "ಗಾಳಿ ಬೀಸಿದ್ರೂ ಗಂಟಲು ಬಿಗೀತೈತೆ. ಬಳ್ಳಾರಿಗೆ ಒಯ್ದಿದ್ವಿ. ಈಗ ಮಾಡೋದು ಏನೂ ಉಳಿದಿಲ್ಲ ಅಂದ್ರು. ನೆಮ್ಮದಿಗೆ ಏನೋ ಔಷಧಿ ಕೊಟ್ಟು ಕಳಿಸಿದ್ರು. ನಡುನಡುವೆ ಚೆನ್ನಾಗೇ ಮಾತಾಡ್ತಾನೆ, ಅದೇ ನೋಡೋಕಾಗಲ್ಲ. ಆಮೇಲೆ ಮತ್ತೆ..."

ಅವಳ ಮಾತು ಮುಗಿಯಲಿಲ್ಲ. ಕದದ ಒಳಗಿಂದ ಪೆಟ್ಟು ಬಿತ್ತು.

ಎರಡು ಪೆಟ್ಟು. ಆಮೇಲೆ ಕೆರೆತ. ಕದದ ಕೆಳಗಡೆ. ಕೆರೆದು, ನಿಲ್ಲಿಸಿ, ಮತ್ತೆ ಕೆರೆದು.

ಆಮೇಲೆ ಅದೇ ಕೂಗು.

ಒಂದು ಎಳೆಯೂ ಬೇರೆಯಿಲ್ಲ. ಮೇಲೆ ಹೋಗಿ ಒಡೆದದ್ದು, ನಡುವಿನ ಆ ಒಂದು ಗಳಿಗೆ, ಏನೂ ಇಲ್ಲದ್ದನ್ನು ನುಂಗಲು ಹೋಗಿ ಸಿಕ್ಕಿಕೊಂಡ ಗುಟುಕು. ನನ್ನ ಬೆನ್ನಿಗೆ ತಾಕಿದ್ದ ದನಿ ಅದು. ಬಿತ್ತನೆಗೆ ಮುಂಚೆಯೇ, ಈ ರೋಗ ಅವನ ಗಂಟಲಿಗೆ ಬರುವುದಕ್ಕೆ ಎಷ್ಟೋ ಮುಂಚೆಯೇ, ನನ್ನ ಬಾಗಿಲಿಗೆ ಬಂದಿದ್ದ ದನಿ.

ಬಾಳೆಹಣ್ಣು ಕೈಯಿಂದ ಜಾರಿತು. "ಅಜ್ಜಾ," ಎಂದೆ, ಯಾಕೆ ಅಂದೆನೋ ಗೊತ್ತಿಲ್ಲ. "ನಾನು, ಮಾರಕ್ಕ."

ಒಳಗೆ ಎಲ್ಲ ನಿಂತಿತು. ಉಸಿರು ಮಾತ್ರ, ಕದದ ಆಚೆ, ನನ್ನ ಮುಖದ ಎತ್ತರಕ್ಕೆ. ಆಮೇಲೆ ಪಾಲಜ್ಜ ಮಾತಾಡಿದ. ಸ್ವಚ್ಛ ದನಿ. ರೊಪ್ಪದ ಬೇಲಿಯ ಹತ್ತಿರ ನಿಂತು ಮಾತಾಡಿಸುತ್ತಿದ್ದವನದೇ ದನಿ.

"ಮಾ ಊರಿ ಪಿಲ್ಲ... ನೀನೇನವ್ವಾ?"

"ಹೂಂ ಅಜ್ಜಾ."

"ಈ ಮನ್ಯಾಗೆ ನಿನಗೇನೂ ಇಲ್ಲ ಅಂದ್ಯಲ್ಲವ್ವಾ."

ಸಣ್ಣಕ್ಕ ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಗಲಿಲ್ಲ. ಆ ಮಾತು ನಾನು ಕದಕ್ಕೆ ತುಟಿ ಹಚ್ಚಿ ಪಿಸುಗುಟ್ಟಿದ್ದು. ಕೇಳಿದವರು ನಮ್ಮ ಮನೆಯವರು ಒಬ್ಬರೇ. ಅವರು ಯಾರಿಗೂ ಹೇಳಿಲ್ಲ, ಮನೆದೇವರ ಮೇಲೆ ಆಣೆ ಮಾಡಿಸಿ ಕೇಳಿದ್ದೇನೆ.

"ಒಂದು ಗುಟುಕು ನೀರು ಕೇಳೋಕೆ ಬಂದಿದ್ದೆ," ಎಂದ ಪಾಲಜ್ಜ. "ಅವತ್ತಾದ್ರೆ ಇಳೀತಿತ್ತು."

ಆಮೇಲೆ ಮತ್ತೆ ಪೆಟ್ಟು. ಮತ್ತೆ ಕೆರೆತ. ನಾನು ನಿಲ್ಲಲಿಲ್ಲ. ಓಣಿಯ ಬಿಸಿಲಿನಲ್ಲಿ ಚಪ್ಪಲಿ ಬಿಟ್ಟು ಓಡಿ ಬಂದೆ. ಮಾರನೆಯ ದಿನ ಅವನು ಹೋದ ಎಂದು ಸುದ್ದಿ ಬಂತು.

ಆ ರಾತ್ರಿ ಅವನು ರೊಪ್ಪದಲ್ಲಿ ಮುತ್ತವ್ವನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಇಡೀ ಹಟ್ಟಿ ನೋಡಿದೆ. ಹಾಗಾದರೆ ನನ್ನ ಬಾಗಿಲಿಗೆ ಬಂದದ್ದು ಏನು? ನಮ್ಮ ಮನೆಯವರನ್ನು ಆಸ್ಪತ್ರೆಗೆ ಓಡಿಸಿದ್ದು ಆ ದನಿಯೇ. ಅದು ಬರದಿದ್ದರೆ ಅವರು ಕೈ ಮೇಲಿನ ಬೂದಿ ತೊಳೆಯುತ್ತಿರಲಿಲ್ಲ. ಉಪಕಾರ ಮಾಡಲು ಬಂದಿತ್ತು ಎನ್ನೋಣವೆಂದರೆ, ಅದು ಕದಕ್ಕೆ ಬಡಿದ ರೀತಿಯಲ್ಲಿ ಉಪಕಾರ ಇರಲಿಲ್ಲ. ಹಗೆ ಇತ್ತು. ಬೆನ್ನು ಕೊಟ್ಟು ನಿಂತವಳು ನಾನು, ನನಗೆ ಗೊತ್ತು.

ಈಗ ದಿನಾ ಕತ್ತಲಾಗುವಾಗ ಹೊಸ್ತಿಲ ಆಚೆ ಒಂದು ಮಡಕೆ ನೀರು ಇಡುತ್ತೇನೆ. ಅತ್ತೆ ಏನೂ ಅನ್ನುವುದಿಲ್ಲ. ಕಾವಲಿನ ಪಕ್ಕದ ಊರು, ಬೇಸಿಗೆಯಲ್ಲಿ ನಾಯಿ, ಬೆಕ್ಕು, ಹಕ್ಕಿ ಎಲ್ಲ ನೀರಿಗೆ ಬಾಯಿ ಬಿಡುತ್ತವೆ. ಬೆಳಿಗ್ಗೆ ನೋಡಿದರೆ ಮಡಕೆಯ ನೀರು ತುಂಬಿದ ಹಾಗೇ ಇರುತ್ತದೆ... ಯಾವ ಪ್ರಾಣಿಯೂ ಮುಟ್ಟಿರುವುದಿಲ್ಲ.

ಇದನ್ನು ಬರೆಯುತ್ತಿರುವಾಗಲೇ ನಮ್ಮ ಮನೆಯವರು ಹೊಲದಿಂದ ಬಂದರು. ನೀರು ಕೇಳಿದರು. ಚೊಂಬು ತುಂಬಿ ಕೊಟ್ಟೆ, ಎದುರಿಗೆ ನಿಂತೆ. ಅವರು ತಲೆ ಎತ್ತಿ ಕುಡಿಯುವಾಗ ಗಂಟಲಿನ ಗಂಟು ಮೇಲೆ ಕೆಳಗೆ ಆಡುವುದನ್ನೇ ನೋಡಿದೆ. ನಡುವೆ ಒಂದು ಸಲ ನಿಲ್ಲಿಸಿದರು.

"ಏನೇ ಹಂಗ್ ನೋಡ್ತೀಯಾ?" ಎಂದರು. ಆಮೇಲೆ ಉಳಿದದ್ದನ್ನೂ ಕುಡಿದರು.

ಚೊಂಬು ಬರಿದಾಗಿದೆ. ಇವತ್ತಿಗೆ ಅಷ್ಟು ಪುಣ್ಯ. ಒಲೆಯ ಮೇಲೆ ಎಸರು ಕುದಿಯುತ್ತಿದೆ, ಹಿಟ್ಟು ಹಾಕಿ ಮುದ್ದೆ ತಿರುವಬೇಕು.